ಬೆರಳೊತ್ತದ ತಂತಿ

ಸಾಣೆಕಲ್ಲು ನಿಂತಾಗ ಪಕ್ಕದ ಮೇಜಿನಿಂದ ಪಿಟೀಲು ಕೇಳಿಸಿತು. ಅಂಚು ತೀಡುತ್ತಿದ್ದ ಕನ್ನಡಕದ ಗಾಜನ್ನು ಎರಡು ಬೆರಳಲ್ಲಿ ಹಾಗೆಯೇ ಹಿಡಿದುಕೊಂಡು ಅವಳು ಕಿವಿಗೊಟ್ಟಳು. ಬರೀ ಪಿಟೀಲಲ್ಲ. ಕೆಳಗೆ ಗುಡುಗಿನಂಥ ಡ್ರಮ್ಮು, ಗರಗಸದ ಹಾಗೆ ಕೊರೆಯುವ ಗಿಟಾರು, ನಡುನಡುವೆ ಗಾಳಿಚೀಲದ ಯಾವುದೋ ವಾದ್ಯದ ಮೂಗುದನಿ. ಅವೆಲ್ಲದರ ನೆತ್ತಿಯ ಮೇಲೆ ಪಿಟೀಲು ಎದ್ದೆನೋ ಬಿದ್ದೆನೋ ಎಂದು ಓಡುತ್ತಿತ್ತು.

"ಏನದು?"

ಫ್ರೇಮು ರಿಪೇರಿ ಮಾಡುವವಳು ತಲೆಯೆತ್ತಿದಳು. ಮೂವತ್ತೈದು ದಾಟಿದ ಹೆಂಗಸು. ಕೂದಲಿನ ದೆಸೆಯಿಂದ ಅಂಗಡಿಯವರೆಲ್ಲ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು. "ಜೋರಾಯ್ತಾ ಅಕ್ಕ? ಕಮ್ಮಿ ಮಾಡ್ತೀನಿ."

"ಬೇಡ. ಏನು ಅಂತ ಕೇಳ್ದೆ ಅಷ್ಟೆ."

"ಕೆಲ್ಟಿಕ್ ರಾಕ್ ಅಂತಾರೆ. ದೂರದ ದ್ವೀಪಗಳ ಕಡೆಯ ಹಳ್ಳಿ ಕುಣಿತದ ಮಟ್ಟುಗಳು, ಅದಕ್ಕೆ ಕರೆಂಟು ಕೊಟ್ಟಿದ್ದಾರೆ. ಇದು ಸೌಮ್ಯ. ಫೋಕ್ ಮೆಟಲ್ ಅಂತ ಇನ್ನೊಂದಿದೆ, ಅದರಲ್ಲಿ ಹಾಡೋನು ಹಲ್ಲುನೋವು ಬಂದೋನ ಥರ ಗುಡುಗ್ತಾನೆ. ಭಾನುವಾರ ನಾವು ಬಾರಿಸೋದು ಅದನ್ನೇ. ನಾನು ಡ್ರಮ್ಮು."

ಅವಳ ಲಕ್ಷ್ಯ ಪಿಟೀಲಿನ ಮೇಲಿತ್ತು. ಮಟ್ಟು ಒಂದು ತಂತಿಯ ಮೇಲೆ ಓಡುವಾಗ ಕಮಾನು ಪಕ್ಕದ ತಂತಿಗೂ ತಾಗುತ್ತಿತ್ತು. ಬೆರಳೊತ್ತದ ಆ ತಂತಿ ಉದ್ದಕ್ಕೂ ಹೋರಿಯ ಹಾಗೆ ಗುಟುರು ಹಾಕುತ್ತಿತ್ತು. ಆ ತಪ್ಪಿನ ಪರಿಚಯ ಅವಳಿಗೆ ಚೆನ್ನಾಗಿತ್ತು. ಇಲ್ಲಿ ಅದನ್ನು ಬೇಕೆಂದೇ ಮಾಡುತ್ತಿದ್ದರು. ಹಿಂದೆ ಯಾರೋ ನೆಲ ಅದುರುವಂತೆ ಕಾಲು ಬಡಿಯುತ್ತಿದ್ದರು.

ಅವಳ ಅಪ್ಪ ಪಿಟೀಲು ಮೇಷ್ಟ್ರು. ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ತಪ್ಪಿಗೊಂದು ಬೆರಳು ಎತ್ತುತ್ತಿದ್ದರು, ಬಾಯಿ ಮಾತಿಲ್ಲ. ಐದೂ ಬೆರಳು ಮೇಲಾದರೆ ಊರವರ ಮಕ್ಕಳಿಗೆ ಬೈಗುಳ, ಸ್ವಂತ ಮಗಳಿಗೆ ಗೆಣ್ಣಿನ ಮೇಲೆ ಕಮಾನಿನ ಕಡ್ಡಿಯ ಏಟು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ತುಂಬಿದ ಸಭೆಯಲ್ಲಿ ನುಡಿಸುತ್ತಿದ್ದಾಗ ಕಮಾನು ಪಕ್ಕದ ತಂತಿಗೆ ತಾಗಿತು; ಕಾಲು ತನ್ನಷ್ಟಕ್ಕೆ ತಾಳ ಹಾಕಿತು. ಅಪ್ಪ ಮುಂದಿನ ಸಾಲಿನಿಂದ ಎದ್ದು, ಮೆಟ್ಟಿಲು ಹತ್ತಿ ಬಂದು, ಅವಳ ಹೆಗಲ ಮೇಲಿನ ಪಿಟೀಲು ತೆಗೆದುಕೊಂಡರು. "ಕ್ಷಮಿಸಬೇಕು. ಇವಳಿಗೆ ಕೈಯಿದೆ, ಕಿವಿಯಿಲ್ಲ" ಎಂದು ಸಭೆಗೆ ಹೇಳಿ ಉಳಿದರ್ಧವನ್ನು ತಾವೇ ನುಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬರಿಗೈಯಲ್ಲಿ ಅವಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಅದಾಗಿ ಇಪ್ಪತ್ತನಾಲ್ಕು ವರ್ಷ. ಮತ್ತೆ ಅವಳು ಪಿಟೀಲು ಮುಟ್ಟಿರಲಿಲ್ಲ.

ಗುಂಗುರು ಫೋನಿಗೆ ಕಳಿಸಿಕೊಟ್ಟ ಹಾಡುಗಳನ್ನು ಅವಳು ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ, ಅಪ್ಪನಿಗೆ ಸ್ನಾನ ಮಾಡಿಸುವಾಗ ಕೇಳಿದಳು. ಸೌಮ್ಯವಾದದ್ದು ಎರಡು ವಾರಕ್ಕೆ ಸಾಕಾಯಿತು, ಗರ್ಜನೆಯದೇ ಬೇಕಾಯಿತು. ಮೂರನೆಯ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದವಳೇ ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಹೊಸ ತಂತಿ ಕಟ್ಟಿದಳು.

ಅಪ್ಪನಿಗೆ ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಬಲಗಡೆ ಪೂರ್ತಿ ಬಿದ್ದುಹೋಗಿ ಮಾತೂ ನಿಂತಿತ್ತು. ಬುದ್ಧಿ, ಕಿವಿ, ಎಡಗೈ ನೆಟ್ಟಗಿದ್ದವು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ; ಅವಳು ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಒಬ್ಬ ಆಯಾ ಇದ್ದಳು.

ಕಿಟಕಿಯ ಕಡೆಗಿದ್ದ ಗಾಲಿಕುರ್ಚಿಯನ್ನು ತನ್ನತ್ತ ತಿರುಗಿಸಿಕೊಂಡು ಅವಳು ಶುರುಮಾಡಿದಳು. ಅಪ್ಪ ಕಣ್ಣು ಮುಚ್ಚಿದರು. ಪಕ್ಕದ ತಂತಿಯನ್ನೂ ಸೇರಿಸಿ ಎಳೆದಾಗ ಅವರ ತೋರುಬೆರಳು ತೊಡೆಯ ಮೇಲಿಂದ ಮೆಲ್ಲಗೆ ಎದ್ದಿತು. ತಾಳ ಹಾಕುತ್ತಿದ್ದಾರೆಂದು ಅವಳು ಮೊದಲು ಅಂದುಕೊಂಡಳು. ಆಮೇಲೆ ಎರಡನೆಯ ಬೆರಳು ಎದ್ದಿತು. ಎದ್ದದ್ದು ಇಳಿಯಲಿಲ್ಲ.

ಅವಳಿಗೆ ನಗು ಬಂತು. "ಎಣಿಸಿ ಅಪ್ಪ, ಎಣಿಸಿ. ಇರೋದು ಐದೇ. ಆಮೇಲೆ ಏನು ಮಾಡ್ತೀರಿ?"

ಐದೂ ಎದ್ದವು. ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು ದೊಪ್ಪೆಂದು ಬಿತ್ತು. ಅವಳು ಚಪ್ಪಲಿ ಹಾಕಿಕೊಂಡು ಬಂದು, ನೆಲಕ್ಕೆ ಕಾಲು ಬಡಿಯುತ್ತಾ ನುಡಿಸಿದಳು. ಇಷ್ಟು ಸುಖ ಅವಳಿಗೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಸುಖ ಹಾಡಿನದೋ, ಎದುರಿಗಿದ್ದ ಮುಖದ್ದೋ, ಬಿಡಿಸಿ ನೋಡುವ ಗೋಜಿಗೆ ಅವಳು ಹೋಗಲಿಲ್ಲ.

ಮೂರು ತಿಂಗಳು ಪ್ರತಿ ಶನಿವಾರ ಹೀಗೇ ನಡೆಯಿತು. ಒಮ್ಮೆ ಆಯಾ ಹಿಂಜರಿಯುತ್ತಾ ಹೇಳಿದಳು. "ಶನಿವಾರ ಬಂತು ಅಂದ್ರೆ ಅಪ್ಪಾವ್ರು ಊಟ ಮುಟ್ಟಲ್ಲಮ್ಮ. ಬಾಗಿಲನ್ನೇ ನೋಡ್ತಾ ಇರ್ತಾರೆ."

"ಹಸಿವಾದ್ರೆ ತಿಂತಾರೆ ಬಿಡು" ಎಂದಳು ಅವಳು.

ಗುಂಗುರುವಿನ ತಂಡದ ಪಿಟೀಲಿನವನು ಬೇರೆ ಊರಿಗೆ ಹೋದ. "ಮನೇಲಿ ಪಿಟೀಲು ನುಡಿಸ್ತೀನಿ ಅಂದಿದ್ರಲ್ಲ, ಈ ಭಾನುವಾರ ನೀವೇ ಬನ್ನಿ ಅಕ್ಕ" ಎಂದಳು ಗುಂಗುರು. ಅವಳು ಹೂಂ ಎಂದಳು. ಆ ವಾರವಿಡೀ ಅವಳ ಕೈಯಲ್ಲಿ ಒಂದು ಗಾಜೂ ಒಡೆಯಲಿಲ್ಲ.

ಭಾನುವಾರ ಅವರೆಲ್ಲ ಸೇರುವ ಗ್ಯಾರೇಜಿನಲ್ಲಿ ಎಣ್ಣೆಯ ವಾಸನೆ. ತಂಡದ ಹಾಡುಗಾರ ಹಗಲು ಶಾಲೆಯ ವ್ಯಾನು ಓಡಿಸುವವನು. ದಪ್ಪ ಗಡ್ಡ, ಮೆಲುಮಾತು. ಡ್ರಮ್ಮು ಹೊಡೆತ ಹಾಕಿದೊಡನೆ ಅವಳೂ ಹೊರಟಳು. ಬೆರಳು ಎಲ್ಲೂ ಎಡವಲಿಲ್ಲ. ವೇಗ ಹೆಚ್ಚಿದಷ್ಟೂ ಕಮಾನು ಹಗುರವಾಯಿತು. ಮುಗಿದಾಗ ಅವಳು ಬೆವೆತಿದ್ದಳು, ನಗುತ್ತಿದ್ದಳು.

ಬೇರೆ ಯಾರೂ ನಗಲಿಲ್ಲ. ಗಿಟಾರಿನವನು ತನ್ನ ವೈರು ಸರಿಮಾಡತೊಡಗಿದ.

"ತಪ್ಪೇ ಇಲ್ಲ" ಎಂದ ಹಾಡುಗಾರ. "ಅದೇ ತೊಂದರೆ. ಬೇಜಾರು ಮಾಡ್ಕೋಬೇಡಿ, ನಿಮಗೆ ಹೊಡೆದು ಕಲಿಸಿದ್ದಾರೆ ಅಲ್ವಾ?"

ಅವಳು ಕಮಾನಿನ ತಿರುಪು ಸಡಿಲಿಸಿದಳು.

"ಪಕ್ಕದ ತಂತಿ ಮುಟ್ಟೋ ಮುಂಚೆ ಪ್ರತಿ ಸಲ ಒಂದು ಕೂದಲೆಳೆಯಷ್ಟು ತಡೀತೀರಿ. ಯಾರದೋ ಅಪ್ಪಣೆ ಕೇಳೋ ಹಾಗೆ. ಬೇಕಾದ್ರೆ ಕೇಳಿ." ಅವನು ಫೋನಿನಲ್ಲಿ ಹಿಡಿದದ್ದನ್ನು ಹಾಕಿದ.

ಅವಳು ಕೇಳಿದಳು. ಶುದ್ಧವಾದ, ತಣ್ಣಗಿನ, ಗೆರೆ ಎಳೆದಂಥ ಪಿಟೀಲು. ಮುಂದಿನ ಕೋಣೆಯಲ್ಲಿ ಬೆಳಗಿನ ಪಾಠಕ್ಕೆ ಮುಂಚೆ ಅಪ್ಪ ಒಬ್ಬರೇ ನುಡಿಸಿಕೊಳ್ಳುತ್ತಿದ್ದ ಪಿಟೀಲು. ಮಟ್ಟು ಮಾತ್ರ ಬೇರೆ.

"ಇನ್ನೊಂದ್ಸಲ ನೋಡೋಣ್ವಾ?" ಎಂದಳು ಗುಂಗುರು, ಅವಳ ಮುಖ ನೋಡದೆ.

"ಕಲಿತದ್ದನ್ನ ಮರೆಯೋದು ಕಲಿಯೋದಕ್ಕಿಂತ ಕಷ್ಟ" ಎಂದ ಹಾಡುಗಾರ. ಒಳ್ಳೆಯ ಮನುಷ್ಯ, ಬಾಗಿಲವರೆಗೂ ಬಂದು ಪೆಟ್ಟಿಗೆ ಎತ್ತಿಕೊಟ್ಟ. "ಸಭೆಗಳಲ್ಲಿ ನುಡಿಸಿ ನೀವು. ಅಂಥ ಕೈ ನಿಮ್ಮದು."

ಅವಳು ಮನೆಗೆ ಬಂದಾಗ ನಾಲ್ಕು ಗಂಟೆ. ಆಯಾಳನ್ನು ಕಳಿಸಿ ಬಾಗಿಲು ಹಾಕಿದಳು. ಅವಳ ಕೈಯಲ್ಲಿ ಪೆಟ್ಟಿಗೆ ನೋಡಿ ಅಪ್ಪ ಕುರ್ಚಿಯಲ್ಲಿ ಒಂದಿಷ್ಟು ಹಿಂದೆ ಸರಿದರು. ಅವಳು ಪೆಟ್ಟಿಗೆ ತೆರೆಯಲಿಲ್ಲ. ಹೆಡ್‌ಫೋನು ತಂದು ಅವರ ತಲೆಗೆ ಹಾಕಿ, ಎರಡೂ ಕಿವಿ ಮುಚ್ಚುವಂತೆ ಸರಿಮಾಡಿ, ಇದ್ದುದರಲ್ಲೇ ಅತಿ ಕರ್ಕಶವಾದದ್ದನ್ನು ಹಚ್ಚಿದಳು. ಸದ್ದನ್ನು ಕೊನೆಯವರೆಗೂ ಏರಿಸಿದಳು.

ಅಪ್ಪನ ಎಡಗೈ ಅದನ್ನು ಕೀಳಲು ಮೇಲೆದ್ದಿತು. ಅವಳು ಅರ್ಧ ದಾರಿಯಲ್ಲೇ ಆ ಕೈ ಹಿಡಿದುಕೊಂಡಳು. ಉಗುರು ಬೆಳೆದಿದ್ದವು, ಆಯಾಳಿಗೆ ಕತ್ತರಿಸಲು ಭಯ.

ಸ್ಟೂಲು ಎಳೆದುಕೊಂಡು ಕೂತು, ಹಳೇ ಪತ್ರಿಕೆ ಹಾಸಿ, ಕಿಟಕಿಯ ಮೇಲಿದ್ದ ನೇಲ್ ಕಟರು ತೆಗೆದುಕೊಂಡು, ಆ ಕೈಯನ್ನು ತನ್ನ ಮಂಡಿಯ ಮೇಲೆ ಒತ್ತಿ ಹಿಡಿದಳು. ಅಪ್ಪ ಎಳೆದರು. ಎಣಿಸಿದ್ದಕ್ಕಿಂತ ಬಲವಿತ್ತು. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದು ಕಿರುಬೆರಳಿನಿಂದ ಶುರುಮಾಡಿದಳು. ತಂತಿಗೆ ತಾಗದಂತೆ, ನುಡಿಸುವವರು ಕತ್ತರಿಸಿಕೊಳ್ಳುವಷ್ಟು ಗಿಡ್ಡವಾಗಿ, ಚರ್ಮದ ಅಂಚಿನವರೆಗೂ, ಒಂದೊಂದೇ. ಹೆಡ್‌ಫೋನಿನ ಸಂದಿಯಿಂದ ಡಬ್ಬಿಯಲ್ಲಿ ಸಿಕ್ಕಿಬಿದ್ದ ಹುಳುವಿನಂಥ ಸದ್ದು ಬರುತ್ತಿತ್ತು. ಅಪ್ಪನ ಕಣ್ಣಂಚಿನಿಂದ ಇಳಿದದ್ದು ಗಲ್ಲದ ಬಿಳಿ ಕೂದಲಲ್ಲಿ ನಿಂತಿತು.

ಹೆಬ್ಬೆರಳೂ ಮುಗಿಯಿತು. ಅವಳು ಕೈ ಬಿಡಲಿಲ್ಲ. ನೇಲ್ ಕಟರಿನ ಅರದ ಮಗ್ಗುಲು ತಿರುಗಿಸಿಕೊಂಡು, ಕಿರುಬೆರಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ತೀಡತೊಡಗಿದಳು.