ಶಂಕ್ರವ್ವನ ಚೀಟಿ ಬಿದ್ದ ಡಬ್ಬಿ

ನಾನು ಒಂದು ಸುಳ್ಳು ಮತಪೆಟ್ಟಿಗೆ. ಮೊದಲು ಶೇಂಗಾ ಎಣ್ಣೆಯ ಡಬ್ಬಿಯಾಗಿದ್ದೆ. ಗದಗಿನ ತಗಡಿನ ಕೆಲಸಗಾರ ದಾದಾಪೀರ ನನ್ನ ನೆತ್ತಿ ಸೀಳಿ ಬಾಯಿ ಮಾಡಿದ, ಬೀಗದ ಕೊಂಡಿ ಬೆಸೆದ. ಚುನಾವಣೆಗೆ ಮುಂಚೆ ಜನರ ಮನಸ್ಸು ಅಳೆಯುವ ಸಂಸ್ಥೆಯೊಂದು ನನ್ನನ್ನು ಕೊಂಡುಕೊಂಡಿತು. ಎಣ್ಣೆಯ ವಾಸನೆ ಇವತ್ತಿಗೂ ಹೋಗಿಲ್ಲ.

ಮೊದಲು ನನ್ನನ್ನು ಹೊತ್ತ ಮಹಾಶಯ ಚಹಾದಂಗಡಿಯ ಬೆಂಚು ಬಿಟ್ಟು ಏಳಲಿಲ್ಲ. ಇಡೀ ಊರಿನ ಅಭಿಪ್ರಾಯವನ್ನು ತಾನೊಬ್ಬನೇ ಬರೆದು ಮುಗಿಸಿದ. ಅವನನ್ನು ಕೆಲಸದಿಂದ ಬಿಡಿಸಿ ನನ್ನನ್ನು ಹೂಗಾರ ಮೇಡಂ ಕೈಗೆ ಕೊಟ್ಟರು. ಅವರು ಕಾಲೇಜಿನ ಅತಿಥಿ ಉಪನ್ಯಾಸಕಿ, ಸುಳ್ಳು ಬರೆಯಲು ಬಾರದವರು. ಹಾಗಾಗಿ ನಡೆದೇ ನಡೆದೆವು. ಏಪ್ರಿಲ್ ಬಿಸಿಲು, ಅರವತ್ತು ಪ್ರಶ್ನೆ: ಜಾತಿ ಯಾವುದು, ಎಷ್ಟು ಓದಿದ್ದೀರಿ, ಫ್ರಿಜ್ ಇದೆಯೇ, ಸರ್ಕಾರದ ಕೆಲಸ ಹಿಡಿಸಿತೇ. ಕೊನೆಗೆ ನನ್ನ ಸರದಿ. ಪಕ್ಷಗಳ ಚಿಹ್ನೆಯಿರುವ ಚೀಟಿಗೆ ಗುರುತು ಹಾಕಿ, ಮಡಚಿ, ನನ್ನೊಳಗೆ ಹಾಕಬೇಕು. ಅದಕ್ಕೂ ಮುಂಚೆ ಮೇಡಂ ಪ್ರತಿ ಮನೆಯಲ್ಲೂ ಹೇಳಲೇಬೇಕಾದ ಮಾತೊಂದಿತ್ತು: ಇದು ನಿಜವಾದ ವೋಟಲ್ಲ.

ಬೆಟಗೇರಿಯ ನೇಕಾರರ ಓಣಿಯಲ್ಲಿ, ಅಂದಿನ ಒಂಬತ್ತನೆಯ ಮನೆಯಲ್ಲಿ, ದಣಿದ ಮೇಡಂ ಆ ಮಾತು ಮರೆತರು.

ಪ್ರಶ್ನೆ ಕೇಳಬೇಕಾದವರ ಪಟ್ಟಿಯಲ್ಲಿದ್ದ ಹೆಸರು ಶಂಕ್ರವ್ವ, ಅರವತ್ತು ದಾಟಿದ ವಿಧವೆ. ಆದರೆ ಉತ್ತರವೆಲ್ಲ ಮಗನದೇ. "ನಮ್ಮನ್ಯಾಗ ಎಲ್ಲಾರದೂ ಒಂದ ಪಾರ್ಟಿ ರೀ, ಹಂಗ ಬರ್ಕೋರಿ."

ಮೇಡಂ ಚೀಟಿಯನ್ನು ಶಂಕ್ರವ್ವನ ಕೈಗೇ ಕೊಟ್ಟರು. "ನೀವ ಹಾಕ್ಬೇಕವ್ವಾ. ಯಾರಿಗೂ ಗೊತ್ತಾಗಂಗಿಲ್ಲ."

ಆಕೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಳು. ಗುರುತು ಹಾಕಿ, ಚೀಟಿ ಒಳಗೆ ತಳ್ಳಿ, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ನಾಚಿಕೆಯಾಯಿತು.

ಮತದಾನ ಮುಗಿದ ಮೇಲೆ ಅದೇ ಮನೆಗಳಿಗೆ ಎರಡನೇ ಸುತ್ತು. ಮಗ ಇರಲಿಲ್ಲ. "ವೋಟ್ ಹಾಕಿದ್ರೇನವ್ವಾ?" ಎಂದು ಮೇಡಂ ಕೇಳಿದರು.

"ನಿಮ್ಮ ಡಬ್ಬ್ಯಾಗ ಹಾಕಿದ್ನಲ್ಲರೀ!" ಶಂಕ್ರವ್ವ ದನಿ ತಗ್ಗಿಸಿದಳು. "ವೋಟಿನ ದಿನ ಮಗ ಕರದಾ. ಮೊಣಕಾಲ ಬ್ಯಾನಿ ಅಂತ ಸುಳ್ಳ ಹೇಳಿ ಮಲಗಿಬಿಟ್ಟೆ. ಎರಡು ಸಲ ಹಾಕಿದ್ರ ತಪ್ಪಲ್ಲೇನ್ರಿ? ಗಂಡ ಇರೂತನಕ ಗಂಡ ಹೇಳಿದ್ದಕ್ಕ ಹಾಕಿದೆ, ಆಮ್ಯಾಲೆ ಮಗ ಹೇಳಿದ್ದಕ್ಕ. ಇದೊಂದ ನೋಡ್ರಿ ನಂದು."

ಮೇಡಂ ಆಕೆಯ ಎಡಗೈ ಬೆರಳು ನೋಡಿದರು. ಶಾಯಿ ಇರಲಿಲ್ಲ. "ಹೌದವ್ವಾ, ನಿಮ್ದು ಖರೇನ ವೋಟು" ಎಂದರು. ಪೆನ್ನು ಮಾತ್ರ 'ಮತ ಹಾಕಿಲ್ಲ' ಎಂಬಲ್ಲಿ ಗುರುತು ಮಾಡಿತು.

ಮುಂದಿನ ಚುನಾವಣೆಗಳಲ್ಲಿ ಮೇಡಂ ಹೊಸ್ತಿಲಲ್ಲೇ ಆ ಮಾತು ಹೇಳಿಬಿಡುತ್ತಿದ್ದರು. ನಿಜವಾದ ವೋಟಲ್ಲವೆಂದು ತಿಳಿದ ಕೂಡಲೇ ಎಷ್ಟೋ ಹೆಂಗಸರು ಚೀಟಿಯನ್ನು ಗಂಡನ ಕೈಗೆ ಕೊಟ್ಟು ಒಲೆಯ ಕಡೆ ನಡೆದರು.

ಈಗ ಸಮೀಕ್ಷೆಯೆಲ್ಲ ಮೊಬೈಲಿನಲ್ಲಿ. ನಾನು ಸಂಸ್ಥೆಯ ಅಟ್ಟದ ಮೇಲೆ ತುಕ್ಕು ಹಿಡಿದು ಕೂತಿದ್ದೇನೆ. ಸಾಕಾಗಿದೆ. ಸಾವಿರಾರು ಚೀಟಿ ನುಂಗಿದೆ, ಯಾವುದೂ ನೆನಪಿಲ್ಲ, ಒಂದನ್ನು ಬಿಟ್ಟು. ಶಂಕ್ರವ್ವ ಯಾರಿಗೆ ಹಾಕಿದಳೆಂದು ನನಗೆ ಗೊತ್ತು. ಹೇಳುವುದಿಲ್ಲ. ಗುಟ್ಟು ಕಾಯುವುದು ನಿಜವಾದ ಮತಪೆಟ್ಟಿಗೆಯ ಕೆಲಸ. ಅಷ್ಟನ್ನಾದರೂ ಆಕೆಗಾಗಿ ಮಾಡುತ್ತಿದ್ದೇನೆ.