ಗೋಡೆಯಾಚೆಯ ಮಣ್ಣು

ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದ ಎಲೂಯ್ ಎತ್ತಿದ ಗುದ್ದಲಿಯನ್ನು ಹಾಗೆಯೇ ಹಿಡಿದು ನಿಂತ. ಗುಂಡಿಯ ಒಂದು ಬದಿಯಲ್ಲಿ, ಸುಣ್ಣದಂಥ ಬಿಳಿ ಮಣ್ಣಿನ ನಡುವೆ, ಹಳದಿಗಟ್ಟಿದ ಮೂಳೆಯೊಂದು ಕಾಣುತ್ತಿತ್ತು.

"ಫೆರ್ಮಿನ್ ಮಾಮ, ಇದು ಮಗೂದಲ್ಲ. ದೊಡ್ಡೋರದು."

ಕುಸಿದ ಗೋಡೆಯ ಕಲ್ಲೊಂದರ ಮೇಲೆ ಕೂತಿದ್ದ ಫೆರ್ಮಿನ್, "ಗೊತ್ತು. ಇನ್ಮೇಲೆ ಕೈಯಲ್ಲೇ ಕೆದಕು," ಎಂದ.

ಅವನ ಹಿಂದೆ, ಕೋಟೆಯ ನೆರಳಿನಲ್ಲಿ, ಅವನ ಹೆಂಡತಿ ಲಿಯೊಕಾದಿಯಳ ಶವಪೆಟ್ಟಿಗೆಯನ್ನು ಎರಡು ಕುರ್ಚಿಗಳ ಮೇಲೆ ಇಟ್ಟಿದ್ದರು. ಕಡಿದಾದ ಓಣಿಗಳಲ್ಲಿ ಅದನ್ನು ಹೊತ್ತು ತಂದ ನಾಲ್ವರು ಬೆವರು ಒರೆಸಿಕೊಳ್ಳುತ್ತಿದ್ದರು. ಪಾದ್ರಿ ಮತ್ತೆ ಗಡಿಯಾರ ನೋಡಿಕೊಂಡ.

ಸತ್ತವಳ ತಂಗಿ ಬ್ರಿಗಿದಳಿಗೆ ಬೆಳಗ್ಗೆಯಿಂದ ಒಂದೇ ಹಟ. ಸ್ಮಶಾನದ ಗೋಡೆಯಲ್ಲಿ ಶವಪೆಟ್ಟಿಗೆ ಇಡುವ ಗೂಡುಗಳಲ್ಲಿ ಅಪ್ಪ ಅಮ್ಮನ ಪಕ್ಕದ್ದು ಖಾಲಿಯಿದೆ, ಅಕ್ಕ ಅಲ್ಲಿಗೇ ಹೋಗಬೇಕು. ತಮ್ಮ ಮಗುವನ್ನು ಹೂತಲ್ಲೇ ಮಲಗಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ ಫೆರ್ಮಿನ್ ಒಪ್ಪಿರಲಿಲ್ಲ. ಅಗೆದು ನೋಡೋಣ, ಮಗು ಸಿಗದಿದ್ದರೆ ಗೂಡಿನಲ್ಲೇ ಇಡೋಣ ಎಂದು ಕೊನೆಗೆ ರಾಜಿಯಾಗಿತ್ತು.

ಬ್ರಿಗಿದ ಗುಂಡಿಯೊಳಗೆ ಇಣುಕಿದಳು. "ಅರಬರ ಕಾಲದ ಯಾವನೋ ಇದು. ಇವನ ಜೊತೆ ಮಲಗಿಸ್ತೀರಾ ಭಾವ, ನಮ್ಮಕ್ಕನ್ನ?"

"ನಿಮ್ಮಕ್ಕ ಇಷ್ಟು ವರ್ಷ ನನ್ನ ಜೊತೆ ಮಲಗಿದಾಳೆ. ಇವನು ಗೊರಕೆಯಾದ್ರೂ ಹೊಡೆಯಲ್ಲ."

ಹೊತ್ತು ತಂದವರಲ್ಲಿ ಒಬ್ಬ ನಕ್ಕು, ಪಾದ್ರಿಯ ಮುಖ ನೋಡಿ ಕೆಮ್ಮಿದ.

ಬೆಟ್ಟದ ಮೇಲಿನ ಈ ಊರಿಗೆ ಹಳೆಯ ಮೂಳೆ ಹೊಸದೇನಲ್ಲ. ಇಗರ್ಜಿಯ ಕೆಳಗೆ ಮಸೀದಿಯಿತ್ತು, ಮಸೀದಿಯ ಕೆಳಗೆ ರೋಮನ್ನರ ಕಂಬಗಳು. ಊರವರ ಗೋಡೆಗಳಿಗೆ ಸುಣ್ಣ ಬಳಿದು ಬದುಕಿದ ಲಿಯೊಕಾದಿಯಳ ಮನೆಯ ಒಗೆಯುವ ಕಲ್ಲಿನ ಮೇಲೂ ಯಾರದೋ ಹೆಸರಿನ ತುಂಡು ಉಳಿದಿತ್ತು. ಬಟ್ಟೆ ಉಜ್ಜುವಾಗ ಅವಳು ಆ ಅಕ್ಷರಗಳನ್ನು ಬಿಟ್ಟು ಉಜ್ಜುತ್ತಿದ್ದಳು.

*

ಎಷ್ಟೋ ವರ್ಷಗಳ ಹಿಂದೆ ಆ ಮಗು ಬೆಳಗಿನ ಜಾವ ಹುಟ್ಟಿ, ಹೊತ್ತೇರುವ ಮೊದಲೇ ತೀರಿಕೊಂಡಿತ್ತು. ಜ್ಞಾನಸ್ನಾನ ಆಗದ ಕೂಸಿಗೆ ಸ್ಮಶಾನದ ಗೋಡೆಯೊಳಗಿನ ನೆಲದಲ್ಲಿ ಜಾಗವಿಲ್ಲ ಎಂದ ಆಗಿನ ಪಾದ್ರಿ. ಆಗಸ್ಟಿನ ಮಧ್ಯಾಹ್ನ, ಊರೆಲ್ಲ ಕಿಟಕಿ ಮುಚ್ಚಿ ಮಲಗಿದ್ದಾಗ, ಫೆರ್ಮಿನ್ ಗೋಡೆಯಾಚೆ ಒಬ್ಬನೇ ಅಗೆದ. ಸ್ವಲ್ಪ ಆಳದಲ್ಲೇ ಅಸ್ಥಿಪಂಜರವೊಂದು ಸಿಕ್ಕಿತು. ಬಲಮಗ್ಗುಲಾಗಿ, ಮೊಣಕಾಲು ತುಸು ಮಡಚಿ ಮಲಗಿತ್ತು. ಬೇರೆಡೆ ಅಗೆಯಲು ಅವನ ತೋಳಿನಲ್ಲಿ ಬಲ ಉಳಿದಿರಲಿಲ್ಲ. ಆ ಮುಖದ ಎದುರಿಗಿದ್ದ ಮಣ್ಣನ್ನೇ ಬಗೆದು, ಕಿತ್ತಳೆ ತುಂಬುವ ಮರದ ಡಬ್ಬದ ಹಲಗೆಗಳಿಂದ ಮಾಡಿದ ಪುಟ್ಟ ಪೆಟ್ಟಿಗೆಯನ್ನು ಇಟ್ಟ.

ಮನೆಗೆ ಬಂದಾಗ ಲಿಯೊಕಾದಿಯ ಹಾಲು ಬತ್ತಲೆಂದು ಎದೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು.

"ಒಬ್ಬನೇ ಇದಾನಾ?"

"ಇಲ್ಲ. ಅವನ ಎದುರಿಗೆ ಯಾರೋ ಇದಾರೆ."

ಅವಳು ಎದೆಯ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿದಳು. ಆಮೇಲೆ, ತಾನು ಸತ್ತಾಗ ತನ್ನನ್ನೂ ಅಲ್ಲೇ ಇಡಬೇಕು ಎಂದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

*

ಈ ಬದಿಯ ಗೋಡೆ ಬಿದ್ದ ಮೇಲೆ ಆ ನೆಲವೂ ಸ್ಮಶಾನಕ್ಕೆ ಸೇರಿತ್ತು. ಎಲೂಯ್ ಬೆರಳುಗಳಿಂದ ಮಣ್ಣು ಸರಿಸುತ್ತಾ ಹೋದ. ತುಕ್ಕು ಹಿಡಿದ ಮೊಳೆ ಸಿಕ್ಕಿತು. ಹಲಗೆಯ ಚೂರು ಸಿಕ್ಕಿತು. ಅದರ ಕೆಳಗೆ, ಹಕ್ಕಿಯದೇನೋ ಎನ್ನುವಷ್ಟು ತೆಳುವಾದ ಪಕ್ಕೆಲುಬುಗಳು.

"ಮಾಮ," ಎಂದಷ್ಟೇ ಹೇಳಿದ.

ಫೆರ್ಮಿನ್ ಕೂತಲ್ಲೇ ಟೋಪಿ ತೆಗೆದ. ಬ್ರಿಗಿದಳೇ ಅಂಚಿನಲ್ಲಿ ಮಂಡಿಯೂರಿ ನೋಡಿದಳು. ದೊಡ್ಡ ತಲೆಬುರುಡೆಯನ್ನು, ಅದರ ಎದುರಿಗಿದ್ದ ಪುಟ್ಟದನ್ನು. ಗೂಡಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ನಾಲ್ವರು ಹಗ್ಗ ಹಿಡಿದು ಶವಪೆಟ್ಟಿಗೆಯನ್ನು ಮಗುವಿನ ಈಚೆ ಬದಿಗೆ ಇಳಿಸಿದರು. ಹಗ್ಗ ಎಳೆದುಕೊಳ್ಳುವಷ್ಟರಲ್ಲಿ ಬ್ರಿಗಿದ ಕೈ ಅಡ್ಡ ಹಿಡಿದಳು.

"ಹೀಗಲ್ಲ. ಅಕ್ಕ ಆಕಾಶ ನೋಡ್ತಾ ಇದಾಳೆ. ಮಗು ಈ ಕಡೆ ಇದೆ."

ಹಾಗೆಲ್ಲ ಪದ್ಧತಿಯಿಲ್ಲ ಎಂದ ಪಾದ್ರಿ. ಯಾರೂ ಅವನತ್ತ ತಿರುಗಲಿಲ್ಲ. ಎಲೂಯ್ ಪೆಟ್ಟಿಗೆಯ ಕೆಳಗೆ ಕೈ ಕೊಟ್ಟ, ಮೇಲಿದ್ದವರು ಒಂದು ಬದಿಯ ಹಗ್ಗವನ್ನಷ್ಟೇ ಎಳೆದರು. ಪೆಟ್ಟಿಗೆ ಮೆಲ್ಲನೆ ಎದ್ದು ಎಡ ಅಂಚಿನ ಮೇಲೆ ನಿಂತಿತು. ಒಳಗೆ ಲಿಯೊಕಾದಿಯ ಮಗುವಿನ ಕಡೆಗೆ ಹೊರಳಿದ್ದು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟೇ ಮೆತ್ತಗೆ, ಎಲ್ಲರಿಗೂ ಕೇಳಿಸಿತು.