ನಾಗು ಕಲಿಸಿದ ಸೈನು

"ಹಾರ್ನ್ ಹಾಕ್ಬ್ಯಾಡ ಮರಾಯಾ, ಸಾವಿನ್ ಮನಿ!"

ವನಜ ಎರಡೂ ಕೈ ಎತ್ತಿಕೊಂಡು ಓಣಿಯ ತುದಿಗೆ ಓಡಿದಳು. ಅಷ್ಟರಲ್ಲಿ ಟ್ಯಾಂಕರ್ ನಿಂತಾಗಿತ್ತು. ಡ್ರೈವರ್ ಚಂದು ಅಂಗಳದಲ್ಲಿ ಸೇರಿದ್ದ ಜನರನ್ನು ಕಂಡು ಇಂಜಿನ್ ಆರಿಸಿದ. ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದ.

"ಗೊತ್ತಿತ್ತ್ ಅಕ್ಕ. ಮಿಲ್ಲಿನ್ ಮ್ಯಾನೇಜರ್ರೇ ಕಳ್ಸಿದ್ದ್. ನಾಗಕ್ಕನ ಮನಿಗೆ ಇವತ್ತ್ ಇಡೀ ಟ್ಯಾಂಕಿ ಖಾಲಿ ಮಾಡಿ ಬಾ ಅಂದ್ರ್."

"ನಾಗಕ್ಕನ ಮನಿಗಾ? ನಿನ್ ಮ್ಯಾನೇಜರ್ರಿಗೆ ತಲಿ ಸಮ ಇತ್ತಾ?"

ಚಂದು ಪೈಪು ಬಿಚ್ಚದೆ ಟ್ಯಾಂಕರಿನ ನೆರಳಿನಲ್ಲಿ ನಿಂತು ಕಾಯತೊಡಗಿದ.

ಒಳಗೆ ಜಗಲಿಯ ಚಾಪೆಯ ಮೇಲೆ ನಾಗು ಮಲಗಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು. ನಲವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನಾವುಂದದ ಸುತ್ತಿನ ಮನೆಗಳಿಗೆ ಮಾರಿದವಳು. ಎಂಟು ತಿಂಗಳು ಹಾಸಿಗೆಯಲ್ಲಿದ್ದು ಅಂದು ಬೆಳಗಿನ ಚಾ ಕುಡಿಯದೆ ಹೋಗಿಬಿಟ್ಟಿದ್ದಳು. ಮಗ ಯತೀಶ ತಾಯಿಯ ತಲೆಯ ಬಳಿ ಕುಳಿತಿದ್ದ. ಹಿಂದಿನ ದಿನವಷ್ಟೇ ಬೋಟಿನಿಂದ ಇಳಿದು ಬಂದವನ ಕಣ್ಣು ಇನ್ನೂ ನಿದ್ದೆಗೆಟ್ಟು ಕೆಂಪಾಗಿತ್ತು. ಯಾರು ಏನು ಕೇಳಿದರೂ ಹೆಂಡತಿಯ ಕಡೆ ಕೈ ತೋರಿಸಿ "ಪುಷ್ಪನ ಕೇಣಿ" ಎನ್ನುತ್ತಿದ್ದ.

ಕೇಳಬೇಕಾಗಿದ್ದದ್ದು ಒಂದೇ. ಹಿತ್ತಲಿನ ಒಲೆಗೆ ಬೆಂಕಿ ಹಾಕಿ ಆಗಿತ್ತು. ಅದರ ಮೇಲೆ ತಾಮ್ರದ ಹಂಡೆ ಖಾಲಿ ಕುಳಿತಿತ್ತು. ಮಸಣಕ್ಕೆ ಹೊರಡುವ ಮೊದಲು ನಾಗುವಿನ ಮೈ ತೊಳೆಯಬೇಕು, ಅದು ಹೆಂಗಸರ ಕೆಲಸ. ಕೇರಿಯ ರೂಢಿಯಂತೆ ಆ ನೀರನ್ನು ಸತ್ತವರ ಮನೆಯ ಬಾವಿಯಿಂದಲೇ ಸೇದಬೇಕು. ಆದರೆ ನಾಗುವಿನ ಮನೆಯ ಬಾವಿಗೆ ತಗಡು ಮುಚ್ಚಿ ಕಲ್ಲು ಹೇರಿ ಒಂಬತ್ತು ವರ್ಷವಾಗಿತ್ತು.

ಕೇರಿಯ ಉತ್ತರಕ್ಕೆ, ಮುನ್ನೂರು ಹೆಜ್ಜೆಯಾಚೆ, ಮೀನನ್ನು ಒಣಗಿಸಿ ಹಿಟ್ಟು ಮಾಡುವ ಫಿಶ್‌ಮಿಲ್ಲು. ಅದು ತೊಂಬತ್ತೆಂಟರಲ್ಲಿ ಬಂತು. ಅದರ ಕೊಳೆನೀರು ಹಿಂದಿನ ಗುಂಡಿಗೆ, ಗುಂಡಿಯಿಂದ ಕಡಲ ಮರಳಿನ ಹೊಯಿಗೆಗೆ, ಹೊಯಿಗೆಯಿಂದ ಕೇರಿಯ ಬಾವಿಗಳಿಗೆ. ಬದಲಿಗೆ ಮಿಲ್ಲಿನವರು ದಿನಕ್ಕೊಂದು ಟ್ಯಾಂಕರ್ ಕಳಿಸುತ್ತಿದ್ದರು. ಕೇರಿಯೆಲ್ಲ ಅದನ್ನೇ ಕುಡಿಯುತ್ತಿತ್ತು. ನಾಗು ಮಾತ್ರ ಏಳು ವರ್ಷದ ಹಿಂದೆಯೇ ಅದನ್ನು ಬಿಟ್ಟಿದ್ದಳು.

"ಹಂಡಿಗೆ ಯಾವ್ ನೀರ್ ಹಾಕುದ್, ಪುಷ್ಪ?" ವನಜ ಬಂದು ಸಣ್ಣ ದನಿಯಲ್ಲಿ ಕೇಳಿದಳು. ನಾಗುವಿನ ಮೈದುನನ ಹೆಂಡತಿ ಅವಳು, ಪಕ್ಕದ ಮನೆಯವಳು.

ಸೊಸೆ ಪುಷ್ಪ ಅರಿಸಿನ ತೇಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸ್ವಲ್ಪ ತಡಿ ಚಿಕ್ಕಿ."

*

ಮಿಲ್ಲಿನಿಂದ ಬಾವಿ ಕೆಡುತ್ತಿದೆ ಎಂಬ ಮೊದಲ ಮನವಿಯನ್ನು ಬರೆದುಕೊಟ್ಟವರು ನಿವೃತ್ತರಾಗಿದ್ದ ಗುಡ್ಡ ಮಾಷ್ಟ್ರು. ನಾಗು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಎಲೆಯಡಿಕೆ ಚೀಲದಲ್ಲಿಟ್ಟು, ಮೀನಿನ ಜೊತೆಗೆ ಮನೆಮನೆಗೂ ಒಯ್ದಳು. ಬಂಗುಡೆ ಎಣಿಸಿ ಕೊಟ್ಟಾದ ಮೇಲೆ ಕೈ ತೊಳೆದು ಕಾಗದ ಹೊರತೆಗೆಯುತ್ತಿದ್ದಳು. ಎಷ್ಟು ತೊಳೆದರೂ ಕಾಗದಕ್ಕೆ ಮೀನಿನ ವಾಸನೆ ಹತ್ತಿತ್ತು. ಅದನ್ನು ಕೊಟ್ಟ ಕಚೇರಿಯಲ್ಲಿ ಗುಮಾಸ್ತ ಎರಡು ಬೆರಳಲ್ಲಿ ಹಾಳೆ ತಿರುವಿ, "ಇದೆಂಥದಮ್ಮ, ಬರೀ ಹೆಬ್ಬೆಟ್ಟು? ಒಬ್ಬರೇ ಕೂತು ಒತ್ತಿದ ಹಾಗಿದೆ" ಎಂದು ನಕ್ಕಿದ್ದ.

ಬಸ್ಸಿಳಿದವಳು ಮನೆಗೆ ಹೋಗದೆ ನೆಟ್ಟಗೆ ಮಾಷ್ಟ್ರ ಜಗಲಿಗೆ ಹೋಗಿದ್ದಳು.

"ಮಾಷ್ಟ್ರೆ, ನಮ್ಗೆ ಸೈನ್ ಹಾಕುಕೆ ಕಲ್ಸಿ. ಓದುಕೆ ಬರ್ಯುಕೆ ಎಲ್ಲ ಬ್ಯಾಡ. ಹೆಸ್ರ್ ಒಂದ್ ಸಾಕ್."

"ಓದುದೂ ಕಲಿ ಮರಾಯ್ತಿ, ಒಳ್ಳೇದ್."

"ಅಷ್ಟೊತ್ತಿಗೆ ಬಾವಿ ಹಾಳಾಯಿ ಹೋತ್ತ್."

ಹಾಗೆ ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಮೀನು ಮಾರಿ ಬಂದ ಹೆಂಗಸರು ಮಧ್ಯಾಹ್ನ ದೋಣಿ ನಿಲ್ಲಿಸುವ ಚಪ್ಪರದ ಕೆಳಗೆ ಸೇರುತ್ತಿದ್ದರು. ಮೊದಲು ಒದ್ದೆ ಹೊಯಿಗೆಯ ಮೇಲೆ ಕಡ್ಡಿಯಲ್ಲಿ, ಆಮೇಲೆ ಸ್ಲೇಟಿನಲ್ಲಿ, ಕೊನೆಗೆ ಕಾಗದದಲ್ಲಿ.

"ಅಕ್ಕ, ನಂದ್ ಮೂರ್ ಅಕ್ಷರ, ನಿಂದ್ ಎರ್ಡೇ. ನಿಂಗೇ ಲಾಭ" ಎಂದು ವನಜ ಗೊಣಗಿದ್ದಳು.

"ಎರ್ಡಕ್ಷರ್ಕೇ ನನ್ ಸೊಂಟ ಹೋಯ್ತ್. ಬಾಯ್ ಮುಚ್ಕಂಡ್ ಬರಿ."

ನಾಗುವಿನ 'ಗು'ವಿನ ಕೊಂಬು ಸಾಲು ದಾಟಿ ಗಾಳದ ಹಾಗೆ ಕೆಳಗಿಳಿಯುತ್ತಿತ್ತು. ಮಾಷ್ಟ್ರು ತಿದ್ದಲು ಹೋಗಿ, ಅವಳ ಮುಖ ನೋಡಿ, ಹಾಗೇ ಬಿಟ್ಟಿದ್ದರು. ಮಳೆಗಾಲಕ್ಕೆ ಮುನ್ನ ನಲವತ್ಮೂರು ಹೆಂಗಸರು ಸೈನು ಕಲಿತರು. ಎರಡನೆಯ ಮನವಿಯಲ್ಲಿ ಒಂದೂ ಹೆಬ್ಬೆಟ್ಟಿರಲಿಲ್ಲ.

ಅದು ಹೋದ ತಿಂಗಳೊಳಗೆ ಟ್ಯಾಂಕರ್ ಬಂತು. ಟ್ಯಾಂಕರಿನ ಜೊತೆಗೊಂದು ಪುಸ್ತಕವೂ ಬಂತು. ನೀರು ಹಿಡಿದವರು ಅದರಲ್ಲಿ ಸೈನು ಹಾಕಬೇಕು. ಹೆಂಗಸರಿಗೆ ಅದೊಂದು ಸಂಭ್ರಮವೇ ಆಯಿತು. ಕಲಿತ ಸೈನನ್ನು ಮತ್ತೆಲ್ಲಿ ಹಾಕುವುದು? ಕೊಡಪಾನ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಸಾಲಾಗಿ ನಿಂತು ಹಾಕಿದರು. ಅವಸರದಲ್ಲಿ ಹಾಗೇ ಹೊರಟವರನ್ನು ನಾಗುವೇ ಕರೆದು ನಿಲ್ಲಿಸುತ್ತಿದ್ದಳು.

"ಕೊಟ್ಟದ್ ತಕಂಡ್ ಸೈನ್ ಹಾಕ್ದೆ ಹೋಪುದ್ ಮರ್ಯಾದಿಯಾ? ಹಾಕಿ ಹೋಯ್ನಿ. ಚಂದ ಮಾಡಿ ಹಾಕಿ."

*

ಗುಡ್ಡ ಮಾಷ್ಟ್ರು ಕೋಲೂರಿಕೊಂಡು ಬಂದಾಗ ಹತ್ತು ಗಂಟೆ. ಯಾರೋ ಕುರ್ಚಿ ಕೊಟ್ಟರು. ಅವರು ಕೂರಲಿಲ್ಲ. ಜಗಲಿಗೆ ಹೋಗಿ ನಾಗುವಿನ ಪಾದದ ಬಳಿ ನಿಂತು, ಹೊರಗೆ ಬಂದು ಟ್ಯಾಂಕರನ್ನೂ ಖಾಲಿ ಹಂಡೆಯನ್ನೂ ಕಂಡರು.

"ಇನ್ನೂ ಮೀಯ್ಸ್ಲಿಲ್ಯಾ?"

"ನೀರಿಂದೇ ತಾಪತ್ರಯ ಮಾಷ್ಟ್ರೆ" ಎಂದಳು ವನಜ. "ಹೈವೇಯಾಚೆ ಶೆಡ್ತೀರ್ ಬಾವಿಗ್ ಹೋಯಿ ಬಪ್ಪುಕೆ ಒಂದ್ ಗಂಟಿ ಬೇಕ್. ಹಂಡಿ ತುಂಬುಕೆ ಆರ್ ಸಲ ಹೋಯ್ಕ್. ಟ್ಯಾಂಕರ್ ನೀರ್ ಎದ್ರಿಗೇ ಇತ್ತ್. ಅಕ್ಕ ಇದ್ದಿದ್ರೆ ಅಟ್ಟಿಸ್ಕಂಡ್ ಬತ್ತಿದ್ಲ್."

ಪುಷ್ಪನ ಕೈಯಲ್ಲಿ ಅರಿಸಿನದ ಕೊಂಬು ನಿಂತಿತು.

*

ಎರಡು ಸಾವಿರದ ನಾಲ್ಕರಲ್ಲಿ ವಿಚಾರಣೆಗೆ ಕರೆ ಬಂದಾಗ ನಾಗು ಮದುವೆಗೆ ಹೋಗುವಂತೆ ಅಂಚಿನ ಸೀರೆ ಉಟ್ಟಿದ್ದಳು. ಎಂಟು ಮಂದಿ ಹೆಂಗಸರು, ಮಾಷ್ಟ್ರು. ಮಿಲ್ಲಿನ ಪರವಾಗಿ ಬಂದ ವಕೀಲರು ಹೆಚ್ಚು ಮಾತಾಡಲಿಲ್ಲ. ಮೇಜಿನ ಮೇಲೆ ಟ್ಯಾಂಕರಿನ ಏಳು ಪುಸ್ತಕ ಇಟ್ಟರು. ಪ್ರತಿ ಹಾಳೆಯ ತಲೆಯಲ್ಲೂ ಅಚ್ಚಾದ ಒಂದು ಸಾಲಿತ್ತು. ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು: "ನಮಗೆ ಸಾಕಷ್ಟು ಶುದ್ಧ ನೀರು ಸಿಗುತ್ತಿದೆ. ಕಾರ್ಖಾನೆಯ ಬಗ್ಗೆ ನಮ್ಮ ತಕರಾರು ಇರುವುದಿಲ್ಲ."

ಮನವಿಯಲ್ಲಿ ನಲವತ್ಮೂರು ಸೈನು. ಪುಸ್ತಕಗಳಲ್ಲಿ ಎರಡು ವರ್ಷದ ಪ್ರತಿದಿನದ ಸೈನು.

"ಇದು ನಿಮ್ಮದೇ ಏನಮ್ಮ?"

ನಾಗು ಬಗ್ಗಿ ನೋಡಿದಳು. ಪುಟಪುಟದಲ್ಲೂ ಅವಳ ಗಾಳ ಇಳಿಬಿದ್ದಿತ್ತು.

"ಹೌದ್. ನಂದೇ."

ಮನವಿ ಅಲ್ಲಿಗೇ ಬಿದ್ದುಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ವನಜ ಕಿಟಕಿಯ ಬದಿಯ ಸೀಟಿನಿಂದ ಎದ್ದು ಅವಳನ್ನು ಅಲ್ಲಿ ಕೂರಿಸಿದಳು, ಗಾಳಿ ಬರಲಿ ಎಂದು.

ಮರುದಿನ ಟ್ಯಾಂಕರ್ ಬಂದಾಗ ನಾಗು ಕೊಡಪಾನ ಎತ್ತಿಕೊಂಡು ಅದನ್ನು ದಾಟಿ ಹೋದಳು. ಹೈವೇಯಾಚೆ ಸ್ನೇಹಲತಾ ಶೆಡ್ತಿಯವರ ಮನೆಯ ಬಾವಿ. ಬೇರೆ ಯಾರಿಗೂ ಬನ್ನಿ ಎನ್ನಲಿಲ್ಲ. ಮಕ್ಕಳಿರುವ ಮನೆಗಳು, ಅಷ್ಟು ದೂರದಿಂದ ಎಷ್ಟೆಂದು ಹೊತ್ತಾರು? ವರ್ಷಕ್ಕೊಮ್ಮೆ ಹೊಸ ಮನವಿ ಹಿಡಿದು ಅದೇ ಮನೆಗಳಿಗೆ ಹೋಗುತ್ತಿದ್ದಳು, ಅಷ್ಟೇ. ಕೆಲವರು ಹಾಕುತ್ತಿದ್ದರು. ಕೆಲವರು "ಎಂತಕ್ ನಾಗಕ್ಕ, ಸುಮ್ನೆ" ಎಂದು ಚಾ ಕೊಟ್ಟು ಕಳಿಸುತ್ತಿದ್ದರು.

ಅವಳು ಹಾಸಿಗೆ ಹಿಡಿದ ಮೇಲೆ ನೀರಿನ ಕೆಲಸ ಪುಷ್ಪನ ಪಾಲಿಗೆ ಬಂತು. ಪುಷ್ಪ ಬೆಳಿಗ್ಗೆಯಿಂದ ಸಂಜೆಯವರೆಗೆ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವಳು. ಹನ್ನೆರಡು ದಿನ ಹೈವೇ ದಾಟಿದಳು. ಹದಿಮೂರನೆಯ ದಿನ ಸೊಂಟ ಏಳಲಿಲ್ಲ. ಕೊಡಪಾನವನ್ನು ಟ್ಯಾಂಕರಿನ ಕೆಳಗಿಟ್ಟು, ಚಂದು ಚಾಚಿದ ಪುಸ್ತಕದಲ್ಲಿ ಸೈನು ಹಾಕಿದಳು. ಕೇರಿಯೆಲ್ಲ ಕಂಡಿತು, ಯಾರೂ ಏನೂ ಕೇಳಲಿಲ್ಲ.

ಆ ಸಂಜೆ ಲೋಟ ಕೊಟ್ಟಾಗ ಅತ್ತೆ ಕೇಳಿದ್ದಳು:

"ಶೆಡ್ತೀರ್ ಬಾವಿದಾ?"

"ಹೌದತ್ತಿ."

ನಾಗು ಪೂರ್ತಿ ಕುಡಿದು ಖಾಲಿ ಲೋಟವನ್ನು ಸೊಸೆಯ ಕೈಗೆ ಕೊಟ್ಟಳು. ಮತ್ತೆಂದೂ ಕೇಳಲಿಲ್ಲ.

ಈ ಜನವರಿಯಲ್ಲಿ ಮಾಷ್ಟ್ರು ಹೊಸ ಮನವಿ ತಂದರು. ಮಲಗಿದಲ್ಲೇ ನಾಗು ಸೈನು ಹಾಕಿದಳು. ಪುಷ್ಪ ಚಾ ಹಿಡಿದು ಅಲ್ಲೇ ನಿಂತಿದ್ದಳು. ಅತ್ತೆ ಅವಳ ಕಡೆ ನೋಡಲಿಲ್ಲ, ನೀನೂ ಹಾಕು ಎನ್ನಲಿಲ್ಲ. ಪ್ರತಿ ವರ್ಷವೂ ಅತ್ತೆಯ ಸೈನಿನ ಕೆಳಗೆ ತನ್ನ ಹೆಸರಿರುತ್ತಿತ್ತು. ಅಂದಿನಿಂದ ಪುಷ್ಪನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ.

*

ಪುಷ್ಪ ಎದ್ದು ಮಾಷ್ಟ್ರ ಮುಂದೆ ಬಂದು ನಿಂತಳು.

"ಮಾಷ್ಟ್ರೆ, ಒಂದ್ ಕೇಂತೆ. ಅತ್ತಿ ನನ್ ಹತ್ರ ಯಾಕ್ ಸೈನ್ ಹಾಕ್ಸ್ಲಿಲ್ಲ? ನಾನ್ ಟ್ಯಾಂಕರ್ ನೀರ್ ತಂದದ್ ಅವ್ರಿಗ್ ಗೊತ್ತಿತ್ತಾ?"

ಮಾಷ್ಟ್ರು ವನಜಳ ಮುಖ ನೋಡಿದರು. ವನಜ ನೆಲ ನೋಡಿದಳು.

"ಹೇಳ್ ಮರಾಯ್ತಿ. ಇನ್ನ್ ಯಾರಿಗ್ ಹೆದ್ರುದ್?" ಎಂದರು ಮಾಷ್ಟ್ರು.

"ಮೊದ್ಲ್ನೆ ದಿನವೇ ಗೊತ್ತಾಯಿತ್ತ್ ಪುಷ್ಪ" ಎಂದಳು ವನಜ. "'ಬ್ಲೀಚಿಂಗ್ ಪೌಡ್ರ್ ವಾಸ್ನಿ ಬತ್ತ್ ವನಜ. ಅವ್ಳ್ ಸೊಂಟ ಬಿದ್ ಹೋಯ್ತ್ ಕಾಣ್, ಪಾಪ. ನೀ ಬಾಯ್ ಬಿಟ್ರೆ ಕಾಲ್ ಮುರಿತೆ' ಅಂದ್ಲ್. ಹಾಸ್ಗಿಲಿ ಬಿದ್ಕಂಡ್ ನನ್ ಕಾಲ್ ಮುರ್ಯುಕೆ ಬತ್ತಾಳಂಬ್ರ್!"

ನಗಲು ಹೊರಟ ವನಜ ಜಗಲಿಯ ಕಡೆ ತಿರುಗಿದಳು.

ಮಾಷ್ಟ್ರು ಚೀಲದಿಂದ ಮನವಿ ತೆಗೆದರು. ಎಲ್ಲರ ಸೈನೂ ಆಗದೆ ಅದಿನ್ನೂ ಅವರ ಬಳಿಯೇ ಉಳಿದಿತ್ತು. ಮೊದಲ ಸಾಲಿನಲ್ಲಿ 'ನಾಗು', ಈ ಸಲ ಅಕ್ಷರ ನಡುಗಿತ್ತು. ಎರಡನೆಯ ಸಾಲು ಖಾಲಿ. ಮೂರರಿಂದ ಬೇರೆ ಹೆಸರುಗಳು.

"ಈ ಗೆರಿ ನಿಂದ್. ನಾನೇ ನಾಗು ಹತ್ರ ಕೇಳ್ದೆ, ಪುಷ್ಪಂದ್ ಯಾಕ್ ಬ್ಯಾಡ ಅಂದೇಳಿ. 'ಕೇಳ್ರೆ ಅವ್ಳ್ ಹಾಕ್ತ್ಲ್ ಮಾಷ್ಟ್ರೆ. ನಾಳೆ ಅವ್ರ್ ಪುಸ್ತಕ ತೆಗ್ದ್, ಎಲ್ಲರೆದ್ರ್ ಅವ್ಳನ್ನ ನಿಲ್ಸಿ, ಇದ್ ನಿಂದಾ ಅಂತ್ರ್. ನಂಗ್ ಆದ್ದ್ ಅವ್ಳಿಗ್ ಬ್ಯಾಡ. ಆದ್ರೆ ಗೆರಿ ಖಾಲಿ ಇರ್ಲಿ, ಬೇರೆಯವ್ರಿಗ್ ಕೊಡ್ಬೇಡಿ' ಅಂದ್ಲ್."

ಅವರು ಪೆನ್ನು ತೆಗೆಯಲು ಕಿಸೆಗೆ ಕೈ ಹಾಕಿದರು. ಪುಷ್ಪ ತನ್ನ ಕೈಗಳನ್ನು ತೋರಿಸಿದಳು. ಬೆರಳ ತುದಿಯವರೆಗೂ ಒದ್ದೆ ಅರಿಸಿನ.

"ಈಗ ಬ್ಯಾಡ ಮಾಷ್ಟ್ರೆ. ಕಾಗ್ದ ಹಾಳಾತ್ತ್."

ಅವಳು ಅಂಗಳ ದಾಟಿ ಟ್ಯಾಂಕರಿನ ಬಳಿ ಹೋದಳು. ಚಂದು ಬೈರಾಸನ್ನು ಕೈಯಲ್ಲಿ ಹಿಂಡುತ್ತ ಮುಂದೆ ಬಂದ.

"ಅಕ್ಕ, ಇವತ್ತ್ ಸೈನ್ ಬ್ಯಾಡ. ಪುಸ್ತಕ ನಾ ತೆಗುದೇ ಇಲ್ಲ. ದೇವ್ರಾಣಿ."

"ತಕಂಬ ಪುಷ್ಪ" ಎಂದಳು ಹಿಂದಿನಿಂದ ಬಂದ ವನಜ. "ಸೈನೇ ಇಲ್ದಿದ್ರ್ ಮತ್ತೆಂತ? ಹೊತ್ತಾಯ್ತ್. ಬಿಸಿಲ್ ಕಾಣ್."

ಪುಷ್ಪ ಪೈಪನ್ನು ನೋಡಿದಳು. ಬಾಯಿಯಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು, ತಿಳಿಯಾದ ನೀರು.

"ಚಂದಣ್ಣ, ನೀವ್ ನಾಳೆ ಬನ್ನಿ. ನಾಳೆ ನಂಗ್ ನೀರ್ ಬೇಕೇ ಬೇಕ್. ಸೈನೂ ಹಾಕ್ತೆ, ಹಾಕ್ದೆ ಎಲ್ಲಿಗ್ ಹೋಪುದ್? ಇವತ್ತ್ ಮಾತ್ರ ಬ್ಯಾಡ."

"ಮತ್ತೆ ಹಂಡಿಗೆ?"

ಪುಷ್ಪ ಹಿತ್ತಲಿಗೆ ನಡೆದಳು. ಬಾವಿಯ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ತಗಡು ಎಳೆದಾಗ ಎದ್ದ ಶಬ್ದಕ್ಕೆ ಯತೀಶ ಜಗಲಿಯಿಂದ ಎದ್ದು ಬಂದ. ನಾಗು ಮದುವೆಯಾಗಿ ಬಂದ ವರ್ಷ ಅವಳ ಗಂಡ ಬಚ್ಚ ಅಗೆದ ಬಾವಿ. ಕೆಂಪು ಕಲ್ಲಿನ ಸುತ್ತುಗಟ್ಟು ಇನ್ನೂ ಗಟ್ಟಿಯಾಗಿತ್ತು. ಕೆಳಗೆ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯ ತೆಳು ಪದರ ಕಟ್ಟಿತ್ತು. ವಾಸನೆ ಒಮ್ಮೆಗೇ ಮೇಲೆ ಬಂತು.

"ಆ ನೀರಾ?" ಮುದುಕಿಯೊಬ್ಬಳು ಹೌಹಾರಿದಳು. "ಹುಚ್ಚ್ ಹಿಡಿತಾ ನಿಂಗೆ? ಸತ್ತವ್ರಿಗ್ ಹಾಕು ನೀರಾ ಅದ್?"

"ಮನಿ ಬಾವಿದೇ ಬೇಕ್ ಅಂದದ್ ನೀವೇ ಅಲ್ದಾ ದೊಡ್ಡಮ್ಮ? ಅತ್ತಿ ಬಾವಿ ಇದ್." ಪುಷ್ಪನ ದನಿ ಏರಲಿಲ್ಲ. "ಒಂಬತ್ ವರ್ಷ ಇದ್ರ್ ಬಗ್ಗೆ ಬರ್ಸಿ ಬರ್ಸಿ ಕೊಟ್ರ್. ಒಬ್ರೂ ಬಂದ್ ಮೂಸಿ ಕಾಣ್ಲಿಲ್ಲ."

ಅವಳು ಹಗ್ಗ ಇಳಿಸಿದಳು. ಎರಡನೆಯ ಕೊಡ ಸೇದುವಾಗ ಅವಳ ಕೈ ಸೊಂಟಕ್ಕೆ ಹೋದದ್ದನ್ನು ಕಂಡು ಯತೀಶ ಹಗ್ಗವನ್ನು ತಾನು ತೆಗೆದುಕೊಂಡ.

ನೀರು ಕಾದಂತೆ ವಾಸನೆ ಹೆಚ್ಚಿತು. ಅಂಗಳದ ನಡುವೆ ಹಲಗೆ ಇಟ್ಟು ನಾಗುವನ್ನು ಮಲಗಿಸಿದರು. ನಾಲ್ಕು ಹೆಂಗಸರು ಸುತ್ತಲೂ ಸೀರೆ ಹಿಡಿದು ಮರೆ ಮಾಡಿದರು. ಮರೆ ಕಣ್ಣಿಗಷ್ಟೇ ಆಯಿತು. ಆವಿ ಸೀರೆಯ ಮೇಲಿಂದ ಎದ್ದು ಅಂಗಳದಂಚಿನ ಚಪ್ಪರದ ಕೆಳಗೆ ಕುರ್ಚಿಗಳಲ್ಲಿ ಕೂತಿದ್ದ ಗಂಡಸರ ಕಡೆಗೆ, ಪಂಚಾಯ್ತಿಯಿಂದ ಬಂದಿದ್ದ ಇಬ್ಬರ ಕಡೆಗೆ, ಓಣಿಯಲ್ಲಿ ಇನ್ನೂ ಹೋಗದೆ ನಿಂತಿದ್ದ ಚಂದುವಿನ ಕಡೆಗೆ ಹರಡಿತು. ಯಾರದೋ ಕೈ ಕರವಸ್ತ್ರಕ್ಕೆಂದು ಕಿಸೆಗೆ ಹೋಗಿ ಅಲ್ಲೇ ಉಳಿಯಿತು. ಪಂಚಾಯ್ತಿಯವರಲ್ಲಿ ಒಬ್ಬರು ಎದ್ದು ನಿಂತರು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕುಳಿತರು.

ಸೀರೆಯ ಮರೆಯೊಳಗೆ ಪುಷ್ಪ ಚೊಂಬಿನಿಂದ ನಿಧಾನವಾಗಿ ನೀರು ಹೊಯ್ಯುತ್ತಿದ್ದಳು. ವನಜ ಸೆರಗಿನ ತುದಿಯನ್ನು ಮೂಗಿನವರೆಗೆ ತಂದಳು. ಒಂದು ಕ್ಷಣ ಹಾಗೇ ಹಿಡಿದಿದ್ದು, ಕೆಳಗಿಳಿಸಿ, ಅದೇ ತುದಿಯಿಂದ ಅಕ್ಕನ ಹಣೆಯನ್ನು ಒರೆಸಿದಳು. ಪುಷ್ಪ ಮತ್ತೊಂದು ಚೊಂಬು ಹೊಯ್ದಳು. ನಾಗುವಿನ ಹಣೆಯ ಮೇಲೆ ಎಣ್ಣೆಯ ಸಣ್ಣ ಸಣ್ಣ ವೃತ್ತಗಳು ಬಿಸಿಲಿಗೆ ನೀಲಿ, ಹಸಿರು, ನೇರಳೆಯಾಗಿ ಹೊಳೆದವು. ವನಜ ಒರೆಸಿದಳು. ಅವು ಮತ್ತೆ ಬಂದವು. ಅವಳು ಮತ್ತೆ ಒರೆಸಿದಳು.